ಹತ್ತು ಇಪ್ಪತ್ತು ಅಂತ ಬರೆಸಿದ್ದು

೪ ನವೆಂಬರ್ ೨೦೨೪

ಇವತ್ತೂ ಅಕ್ಷರ ಕೋಳಿ ಕೆದರಿದ ಹಾಗೆ. ಎಡಗೈಯಲ್ಲಿ ಇನ್ನೇನಾಗುತ್ತದೆ. ತಿಪಟೂರಿನ ಆಸ್ಪತ್ರೆಯಲ್ಲಿ ಕಸರತ್ತು ಹೇಳಿಕೊಡುವ ಹುಡುಗಿ ಹೇಳಿದ್ದಾಳೆ — ದಿನಾ ಬರಿ ತಾತ, ಏನಾದರೂ ಬರಿ, ಯಾರೂ ಓದಲ್ಲ. ಆರನೇ ಕ್ಲಾಸಿನಲ್ಲಿ ಬಿಸಾಕಿದ ಪೆನ್ಸಿಲ್ಲು ಅರವತ್ತೇಳಕ್ಕೆ ಮತ್ತೆ ಕೈಗೆ ಬಂತು.

ಅಟ್ಟದಲ್ಲಿ ಕೊಬ್ಬರಿಗೆ ಒಣಗಿದ್ದ ತೆಂಗಿನಕಾಯಿ ಇಳಿಸಿ ಆಯಿತು. ಸುಲಿಯುವವನು ತಮ್ಮ ತಿಮ್ಮರಾಜು. ನಾನು ಕಣದಲ್ಲಿ ಹಾಕಿದ ಮಂಚದ ಮೇಲೆ. ಸ್ಟ್ರೋಕ್ ಆಗುವ ಮೊದಲು ದಿನಕ್ಕೆ ಸಾವಿರ ಸುಲಿಯುತ್ತಿದ್ದೆ. ಅವನು ಏಳುನೂರು ದಾಟಿದವನಲ್ಲ. ಈಗ ನನಗೆ ಹೇಳುತ್ತಾನೆ, "ನೀನ್ ಸುಮ್ಕೆ ಕುಂತ್ಕೊ ಅಣ್ಣಯ್ಯ, ನಾನಿಲ್ವಾ?"

ಇದ್ದೀಯಪ್ಪ. ಕಾಣುತ್ತಿದೆ.

೬ ನವೆಂಬರ್

ಹೆಂಡತಿ ನಿಂಗಮ್ಮನ ಜೊತೆ ಜಗಳ. "ನಿಮ್ ತಮ್ಮ ಇಲ್ದಿದ್ರೆ ಕಾಯಿ ಅಟ್ಟದ ಮೇಲೇ ಕೊಳೀತಿದ್ವು" ಎಂದಳು. ಲೋಟ ಎಸೆದೆ. ಎಡಗೈ, ಗುರಿ ತಪ್ಪಿತು.

ಎರಡು ವರ್ಷದ ಹಿಂದೆ ನನ್ನ ಕೈಯಿಂದ ಕಾಯಿ ಜಾರಿ ಬಾಯಿ ಸೊಟ್ಟಗಾದಾಗ ಮರ ಹತ್ತಿ ಎಳನೀರು ಕಿತ್ತವನು ಇದೇ ತಮ್ಮ. "ಪಿತ್ತ ಕಣಣ್ಣಯ್ಯ, ಕುಡ್ದು ಮಲಕ್ಕೊ." ಅರ್ಧ ಮೂಗಿಗೆ ಏರಿತು. ಮಲಗಿಸಿದರು. ನಮ್ಮ ಕಡೆ ತಲೆ ತಿರುಗಿದರೂ ಎಳನೀರು, ಹೊಟ್ಟೆ ಉರಿದರೂ ಎಳನೀರು. ಮಾರನೇ ದಿನ ಆಸ್ಪತ್ರೆಯಲ್ಲಿ ಡಾಕ್ಟರು ಗಡಿಯಾರ ನೋಡಿ ಪುಸ್ತಕ ಮುಚ್ಚಿದರು. ಟೈಮು ಮೀರಿತ್ತು.

ಬೇಕು ಅಂತ ಮಾಡಿದ್ದಲ್ಲ. ಗೊತ್ತು. ಆದರೆ ಕೈ ಹೋದದ್ದು ನನ್ನದು.

೮ ನವೆಂಬರ್, ಸಂಜೆ

ತಿಮ್ಮರಾಜನಿಗೂ ಆಯಿತು. ಕಾಯಿ ಸುಲಿಯುತ್ತಿದ್ದವನು ಹಾಗೇ ಕುಸಿದು ಕೂತ. ಬಲಗೈ, ಬಾಯಿ, ಮಾತು — ಮೂರೂ ಹೋದವು. ಕಣದಲ್ಲಿ ನಾವಿಬ್ಬರೇ. ಕೂಗಿದ್ದು ನಾನೇ. ಓಡಿ ಬಂದವರಿಗೆ, ಎಳನೀರು ಗಿಳನೀರು ಅಂದರೆ ಕಾಲು ಮುರೀತೀನಿ, ಕಾರು ತರಿಸಿ ಎಂದೆ. ಅವನ ಮಗಳು ನಯನ ಅಳದೆ ಕೇಳಿದಳು, "ಎಷ್ಟೊತ್ತಿಗೆ ಶುರುವಾಯ್ತು ದೊಡ್ಡಪ್ಪ? ಆಸ್ಪತ್ರೇಲಿ ಮೊದ್ಲು ಅದನ್ನೇ ಕೇಳ್ತಾರೆ."

ಹತ್ತು ಇಪ್ಪತ್ತು ಎಂದೆ. ಬರೆದುಕೊಂಡಳು.

೯ ನವೆಂಬರ್

ನಯನ ಫೋನ್ ಮಾಡಿದ್ದಳು. ತುಮಕೂರಿನಲ್ಲಿ ತಲೆ ಸ್ಕ್ಯಾನ್, ರಕ್ತದ ಹೆಪ್ಪು ಕರಗಿಸುವ ಒಂದು ಸೂಜಿ. ಟೈಮು ಗೊತ್ತಿದ್ದಕ್ಕೇ ಸೂಜಿ ಕೊಟ್ಟರಂತೆ. ಅಲ್ಲಿಂದ ಆಂಬುಲೆನ್ಸಿನಲ್ಲಿ ಬೆಂಗಳೂರು. ತೊಡೆಸಂದಿಯಲ್ಲಿ ತೂತು ಮಾಡಿ, ರಕ್ತನಾಳದೊಳಗೆ ತೆಳ್ಳಗಿನ ನಳಿಕೆ ಬಿಟ್ಟು, ತಲೆವರೆಗೂ ಏರಿಸಿ, ತುದಿಯ ಬಲೆಯಲ್ಲಿ ಆ ಹೆಪ್ಪು ಹಿಡಿದು ಹೊರಗೆ ಎಳೆದರಂತೆ. ಅಕ್ಕಿಕಾಳು ಎರಡು ಸೇರಿಸಿದರೆ ಎಷ್ಟೋ ಅಷ್ಟು. ಮನೆಯವರಿಗೆ ತೋರಿಸಿದರಂತೆ. ಸಂಜೆಗೆ ಕೈ ಎತ್ತಿದನಂತೆ.

ನಿಂಗಮ್ಮ ದೇವರಿಗೆ ದೀಪ ಹಚ್ಚಿದಳು. ನಾನು ಊಟ ಬೇಡ ಎಂದೆ. ನನ್ನ ತಲೆಯಲ್ಲಿ ಇದ್ದದ್ದೂ ಅಷ್ಟೇ ಇತ್ತೇನೋ… ಯಾರು ನೋಡಿದರು.

೧೯ ನವೆಂಬರ್

ಬಂದ. ಕಾರಿನಿಂದ ತಾನೇ ಇಳಿದ. ನಡೆದುಕೊಂಡು ಬಂದ. ಟವೆಲ್ಲಿನಿಂದ ಮುಖ ಒರೆಸಿಕೊಂಡ — ಬಲಗೈಯಲ್ಲಿ. ನನ್ನ ಕಣ್ಣು ಆ ಕೈ ಬಿಟ್ಟು ಬೇರೆ ಕಡೆ ಹೋಗಲಿಲ್ಲ.

ಊರೆಲ್ಲ ಜಗಲಿಯಲ್ಲಿ. ಹಾಲಿನ ಡೈರಿ ಸೆಕ್ರೆಟರಿ ಹಾಲಸ್ವಾಮಿ ನನ್ನ ಭುಜ ತಟ್ಟಿ, "ಮಾಯಣ್ಣೋರು ಕೂಗ್ದೆ ಇದ್ದಿದ್ರೆ ತಿಮ್ಮರಾಜು ಇವತ್ತು ಗೋಡೇಲಿ ಫೋಟೊ ಆಗಿರೋನು" ಎಂದ. ಎಲ್ಲರೂ ನಕ್ಕರು. ತಿಮ್ಮರಾಜು ನಗಲಿಲ್ಲ. ನನ್ನನ್ನು ನೋಡಿದ.

೨೩ ನವೆಂಬರ್

ಆಗಲೇ ಕಾಯಿ ಮುಟ್ಟಿದ್ದಾನೆ. ಹತ್ತು ಸುಲಿದ. ಅವನ ಹೆಂಡತಿ ಭೂತಮ್ಮ ಬೈದು ಕೂರಿಸಿದಳು. ನಾನು ನೋಡುತ್ತಾ ನನ್ನ ಬಲಗೈ ಎತ್ತಲು ನೋಡಿದೆ. ಒದ್ದೆ ಗೋಣಿಚೀಲ.

ನಿಂಗಮ್ಮ ನೋಡಿಬಿಟ್ಟಳು. "ಒಡಹುಟ್ಟಿದೋನು ಬದುಕ್ದ ಅಂತ ಯಾರಾದ್ರೂ ಹಿಂಗೆ ಮುಖ ಗಂಟಾಕ್ತಾರಾ? ಹೊಟ್ಟೆಕಿಚ್ಚಿಗೆ ತಣ್ಣೀರ್ ಹುಯ್ಕೊಳ್ಳಿ ಹೋಗಿ."

ಬೈದೆ.

೨೭ ನವೆಂಬರ್

ತಿಮ್ಮರಾಜನಿಗೆ ಒಂದು ತೊಂದರೆ ಉಳಿದಿದೆಯಂತೆ. ಮಗಳ ಹೆಸರು ಬಾಯಿಗೆ ಬರುವುದಿಲ್ಲ. ಎಲ್ಲ ಮಾತಾಡುತ್ತಾನೆ, ಎಮ್ಮೆ ಹೆಸರು ಕೂಡ ಹೇಳುತ್ತಾನೆ, ನಯನ ಅನ್ನಲು ಆಗುವುದಿಲ್ಲ. "ಏ, ಬಾರಮ್ಮ" ಅನ್ನುತ್ತಾನೆ. ಭೂತಮ್ಮ ಹೇಳುತ್ತಾ ಸೆರಗು ಬಾಯಿಗೆ ಒತ್ತಿಕೊಂಡಳು. "ಒಂದೊಂದು ನಿಮ್ಸಕ್ಕೂ ಮಿದುಳು ಒಂದಿಷ್ಟು ಸಾಯ್ತದಂತೆ ಬಾವ. ಡಾಕ್ಟ್ರು ಯೋಳಿದ್ರು. ನೀವು ಆ ಕ್ಷಣಕ್ಕೇ ಕೂಗಿದ್ದಕ್ಕೆ ಇಷ್ಟಾದ್ರೂ ಉಳೀತು."

ಎದ್ದು ಬಂದೆ.

೧ ಡಿಸೆಂಬರ್

ಹಾಲಸ್ವಾಮಿ ಬಂದಿದ್ದ. ಮುಂದಿನ ಭಾನುವಾರ ಡೈರಿ ಮುಂದೆ ನನಗೆ ಶಾಲು ಹೊದಿಸುತ್ತಾರಂತೆ. ನಾನು ನಾಲ್ಕು ಮಾತು ಆಡಬೇಕಂತೆ. ಬೇಡ ಎಂದೆ. "ನಾಚ್ಕೊಬ್ಯಾಡಿ ಬುಡಿ" ಎಂದು ಹೋದ.

೨ ಡಿಸೆಂಬರ್

ಯಾರೂ ಓದಲ್ಲ ಎಂದಿದ್ದಾಳಲ್ಲ ಕಸರತ್ತಿನ ಹುಡುಗಿ. ಬರೆಯುತ್ತೇನೆ.

ಹತ್ತು ಇಪ್ಪತ್ತಲ್ಲ. ಹತ್ತು. ಪಕ್ಕದ ಸ್ಕೂಲಿನಲ್ಲಿ ಬೆಲ್ ಹೊಡೆಯಿತು, ಅವನ ಕೈಯಿಂದ ಕಾಯಿ ಜಾರಿತು. ಬಾಯಿ ಎಡಕ್ಕೆ ಎಳೆಯಿತು. ನೋಡಿದ ಕೂಡಲೇ ಗೊತ್ತಾಯಿತು. ಊರಲ್ಲಿ ನನಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು.

ಕೂಗಲಿಲ್ಲ. ಮಕ್ಕಳು ಪ್ರಾರ್ಥನೆ ಹೇಳಿದರು. ಜನಗಣಮನ ಹೇಳಿದರು. ಪೇಪರು ಓದಿದರು. ನಾನು ಮಂಚದ ಮೇಲೆ ಕೂತೇ ಇದ್ದೆ. ಅವನಿಗೂ ಗೊತ್ತಾಗಲಿ… ಅಷ್ಟೇ ಇದ್ದದ್ದು ತಲೆಯಲ್ಲಿ. ಸಾಯಲಿ ಅಂತಲ್ಲ. ನನ್ನ ಹಾಗೆ ಆಗಲಿ ಅಂತ. ಇಬ್ಬರೂ ಮಂಚದ ಮೇಲೆ ಕೂತಿರೋಣ ಅಂತ.

ಭೂತಮ್ಮ ಮಜ್ಜಿಗೆ ತರುತ್ತಿದ್ದಳು. ಹಿತ್ತಲ ಬಾಗಿಲ ಸದ್ದು ಕೇಳಿತು. ಆಗ ಕೂಗಿದೆ.

೭ ಡಿಸೆಂಬರ್

ಬೆಳಿಗ್ಗೆ ಕಣದಲ್ಲಿ ಅವನೊಬ್ಬನೇ ಇದ್ದ. ಹೇಳಿದೆ.

"ಹತ್ತಕ್ಕೇ ಆಗಿತ್ತು ಕಣ್ಲಾ. ಬೆಲ್ ಹೊಡ್ದಾಗ. ನಾನ್ ನೋಡ್ತಾ ಕುಂತಿದ್ದೆ."

ಸಿಪ್ಪೆ ಗುಡ್ಡೆ ಹಾಕುತ್ತಿದ್ದವನು ನಿಲ್ಲಿಸಲಿಲ್ಲ. "ಗೊತ್ತು ಬುಡು."

"ಏನ್ಲಾ ಗೊತ್ತು?"

"ಮಾತು ಹೋಗಿತ್ತು. ಕಣ್ಣು ಹೋಗಿರ್ಲಿಲ್ವಲ್ಲ ಅಣ್ಣಯ್ಯ. ನಿನ್ನೇ ನೋಡ್ತಿದ್ದೆ."

ಮಂಚ ಹಿಡಿದುಕೊಂಡೆ. "ಮತ್ಯಾಕ್ಲಾ ಯಾರ್ಗೂ ಯೋಳ್ಲಿಲ್ಲ?"

"ಯೋಳಿದ್ರೆ ಆ ಇಪ್ಪತ್ ನಿಮ್ಸ ವಾಪಸ್ ಬತ್ತದಾ? ಹೋಗಿ ಶಾಲ್ ಹೊದ್ಕೊ. ಕೂಗಿದ್ದೂ ನೀನೇ ತಾನೆ."

ಬೈದಿದ್ದರೆ, ಒದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಒಂದು ತಿಂಗಳು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಾನೆ, ಹೆಂಡತಿಗೂ ಹೇಳಿಲ್ಲ. ನನ್ನ ಕೈಯಲ್ಲಿ ಆಗುತ್ತಿತ್ತೇ? ಊರಿಗೆಲ್ಲ ಡಂಗುರ ಹೊಡೆಯುತ್ತಿದ್ದೆ. ಕೈಯೂ ಅವನದು, ದೊಡ್ಡತನವೂ ಅವನದು. ನನಗೆ ಶಾಲು.

೮ ಡಿಸೆಂಬರ್, ಬೆಳಿಗ್ಗೆ ಒಂಬತ್ತೂವರೆ

ನಿಂಗಮ್ಮ ಬಿಳಿ ಶರ್ಟು ಹಾಕಿಸಿದಳು. ನಯನ ಕರೆಯಲು ಬಂದಳು, "ಹೊರಡು ದೊಡ್ಡಪ್ಪ, ಎಲ್ರೂ ಕಾಯ್ತಾವ್ರೆ." ಹಿಂದೆ ತಿಮ್ಮರಾಜು. ಅವಳಿಗೆ ಏನೋ ಹೇಳಬೇಕಿತ್ತು ಅವನಿಗೆ. ಬಾಯಿ ತೆರೆದ. ಹೆಸರು ಬರಲಿಲ್ಲ. ಅವಳು ತಿರುಗದೆ ನಿಂತಳು — ಬರಲಿ ಅಂತ ಕಾಯುತ್ತಾ. ಬರಲಿಲ್ಲ. ಅವನು ಹೊರಗೆ ಹೋದ.

ನಾನು ಹೇಳಿದೆ, "ನಯನ, ಬಾ ಇಲ್ಲಿ. ಕೂತ್ಕೊ. ಅವತ್ತು ನೀನ್ ಟೈಮ್ ಕೇಳ್ದಲ್ಲ, ಅದರ ವಿಷ್ಯ ಒಂದ್ ಮಾತು ಐತೆ."

ಕೂತಿದ್ದಾಳೆ. ಎದುರಿಗೇ. "ಏನು ದೊಡ್ಡಪ್ಪ?" ಇದೊಂದು ಬರೆದು ಮುಗಿಸಿ ಹೇಳುತ್ತೇನೆ ಎಂದೆ.

ಐದು ನಿಮಿಷ ಆಯಿತು. ಮತ್ತೆ ಕೂತೇ ಇದ್ದೇನೆ. ಅವಳು ನೋಡುತ್ತಿದ್ದಾಳೆ. ಪೆನ್ಸಿಲ್ಲು ಕೆಳಗಿಡುತ್ತಿದ್ದೇನೆ.