ಐವತ್ತೊಂಬತ್ತನೆಯ ಮುಖ

3 ಮಾರ್ಚ್ 1958, ಸೋಮವಾರ

ಬೆಳಿಗ್ಗೆಯಿಂದ ಏಳು ಹರಳು. ಸಾಣೆ ಚಕ್ರಕ್ಕೆ ಎಣ್ಣೆ, ವಜ್ರದ ಪುಡಿ, ಮತ್ತೆ ಎಣ್ಣೆ. ಎಲ್ಲ ನಿಶ್ಚಿತಾರ್ಥದ ಉಂಗುರಕ್ಕಂತೆ. ಶುಕ್ರವಾರ ಆಂಟ್‌ವರ್ಪಿಗೆ ಹೋಗುತ್ತವೆ. ಅಲ್ಲಿಂದ ಯಾವ ಬೆರಳಿಗೋ! ಮೂವತ್ತೈದು ವರ್ಷ ವಜ್ರ ಉಜ್ಜಿದೆ. ನನ್ನ ಒಂದೇ ಒಂದು ಹರಳನ್ನೂ ಹೆಣ್ಣಿನ ಬೆರಳಲ್ಲಿ ಕಂಡವನಲ್ಲ.

ಸಂಜೆ ಚರ್ಚಿನ ಸಭಾಂಗಣದಲ್ಲಿ ನಾಟಕದ ತಾಲೀಮು. ನಾನು ಆಸ್ಟ್ರಿಯಾದ ದೂತ. ನಮ್ಮ ನಾಡಿನ ರಾಜಕುಮಾರಿ ಮರಿಯಾಳಿಗೆ ಐನೂರು ವರ್ಷದ ಹಿಂದೆ ಆಸ್ಟ್ರಿಯಾದ ರಾಜಕುಮಾರ ಕಳಿಸಿದ ವಜ್ರದುಂಗುರದ ಕಥೆ. ಮಂಡಿಯೂರಿದೆ. "ಉಕ್ಕು ಗೀರಲಾರದ, ಕಾಲ ಸವೆಸಲಾರದ ಈ ಕಲ್ಲಿನಂತೆ ನನ್ನ ಪ್ರಭುವಿನ ಮಾತು!" ಕಿಟಕಿಗಳು ನಡುಗಿದವು. ಉಂಗುರದಲ್ಲಿದ್ದದ್ದು ಮಾತ್ರ ಬಾಟಲಿ ಗಾಜು.

ಮನೆಗೆ ಬಂದರೆ ಹೆಂಡತಿ ಫಿನಾ: "ನನ್ ಮುಂದೆ ಮಂಡಿಯೂರಿದ್ದು ಯಾವಾಗ ನೆನಪಿದ್ಯಾ? ಸೈಕಲ್ ಚೈನ್ ಹಾಕೋವಾಗ!"

5 ಮಾರ್ಚ್, ಬುಧವಾರ

ಲೀರ್ ಪಟ್ಟಣದಿಂದ ಇಬ್ಬರು ಬಂದರು. ಒರ್ತಾನ್ಸ್ ಎಂಬ ಹಿರಿಯ ಹೆಂಗಸು, ಅವಳ ಮಗನನ್ನು ಮದುವೆಯಾಗಲಿರುವ ಲುಟ್‌ಗಾರ್ಟ್. ಅತ್ತೆಯ ನಿಶ್ಚಿತಾರ್ಥದ ಉಂಗುರ ಈಗ ಸೊಸೆಗೆ.

"ಹೊಸದಾಗಿ ಸಾಣೆ ಹಿಡ್ಕೊಡಿ ಯಜಮಾನ್ರೇ," ಎಂದಳು ಹುಡುಗಿ. "ಅಂಚಲ್ಲಿ ಏನೋ ಸೊಟ್ಟ ಇದೆ. ಗೆಳತಿಯರು ನಗ್ತಾರೆ."

ಅತ್ತೆ ತನ್ನ ಬೆರಳಲ್ಲಿ ಉಂಗುರ ಬಿಟ್ಟುಹೋದ ಬಿಳಿ ಗೆರೆಯನ್ನು ಸವರುತ್ತ ಕೂತಳು.

ಭೂತಗನ್ನಡಿ ಕಣ್ಣಿಗಿಟ್ಟೆ. ಎಣಿಸಿದೆ. ಇಂಥ ಹರಳಿಗೆ ಸಾಣೆ ಹಿಡಿದ ಚಪ್ಪಟೆ ಮುಖ ಐವತ್ತೆಂಟು ಇರಬೇಕು. ಐವತ್ತೊಂಬತ್ತು! ಇದು ನಾನೇ ಉಜ್ಜಿದ ಹರಳು. 1924. ನನಗೆ ಹದಿನೇಳು. ಅಂಚಿನಲ್ಲಿ ಒಂದು ಕಪ್ಪು ಚುಕ್ಕೆ. ಅದನ್ನು ಉಜ್ಜಿ ತೆಗೆಯಲು ಲೆಕ್ಕಕ್ಕಿಲ್ಲದ ಒಂದು ಮುಖ ಕೊಟ್ಟೆ. ಗುರುವಿಗೆ ತೋರಿಸದೆ ಪೊಟ್ಟಣದಲ್ಲಿ ಸುತ್ತಿ ಕಳಿಸಿದೆ. ಆ ಕಳ್ಳ ಮುಖ ಈಗ ನನ್ನನ್ನೇ ನೋಡುತ್ತಿದೆ!

"ಶನಿವಾರ ಬನ್ನಿ," ಎಂದೆ. ಅಷ್ಟೇ.

7 ಮಾರ್ಚ್, ಶುಕ್ರವಾರ

ಉಂಗುರದಿಂದ ಬಿಡಿಸಿದ ಹರಳನ್ನು ಎರಡು ಸಲ ಸಾಣೆಯ ಹಿಡಿಕೆಗೆ ಕೂರಿಸಿದೆ. ಎರಡು ಸಲ ಚಕ್ರದ ಮೇಲಿಂದ ಎತ್ತಿಬಿಟ್ಟೆ. ಎರಡು ಗಂಟೆಯ ಕೆಲಸ — ಅವಮಾನ ಪುಡಿಯಾಗಿ ಎಣ್ಣೆಗೆ ಸೇರುತ್ತದೆ, ಯಾರಿಗೂ ತಿಳಿಯದು. ಆದರೆ ಜಗತ್ತಿನಲ್ಲಿ ಇದು ನನ್ನದು ಎಂದು ನಾನು ಗುರುತಿಸಬಲ್ಲ ಹರಳು ಇದೊಂದೇ...

ಫಿನಾಳಿಗೆ ಹೇಳಿದೆ. ಈರುಳ್ಳಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ರಾಜಕುಮಾರನ ಮಾತನ್ನ ಊರಿಗೆಲ್ಲ ಕೇಳೋ ಹಾಗೆ ಕೂಗ್ತೀರಿ. ನಿಮ್ಮದೇ ಒಂದು ಸಾಲು ಗಂಟಲಿಂದ ಬರಲ್ವಾ?"

8 ಮಾರ್ಚ್, ಶನಿವಾರ, ಮಧ್ಯಾಹ್ನ

ಹೇಳಿಬಿಟ್ಟೆ. ಟೋಪಿ ತೆಗೆದು, ನಿಂತುಕೊಂಡೇ. "ಅಮ್ಮಾ, ಆ ಸೊಟ್ಟ ನನ್ನದು. ಐವತ್ತೆಂಟರ ಮೇಲೆ ಒಂದು ಮುಖ ಹೆಚ್ಚು ಕೊಟ್ಟವನು ನಾನೇ."

ಒರ್ತಾನ್ಸ್ ದಿಟ್ಟಿಸಿದಳು. ಆಮೇಲೆ ನಕ್ಕಳು ನೋಡಿ, ಚಕ್ರದ ಸದ್ದೂ ಕೇಳಿಸಲಿಲ್ಲ!

"ಅಯ್ಯೋ, ನೀವೇನಾ ಪುಣ್ಯಾತ್ಮ! ಯುದ್ಧದಲ್ಲಿ ನಮ್ಮನೆಯವರು ಜರ್ಮನಿಯಲ್ಲಿ ಸೆರೆ. ಮನೇಲಿ ಹಸಿವು. ಇದನ್ನ ಮಾರೋಕೆ ಮೂರು ಸಲ ಹೋದೆ. ಮೂರು ಸಲಾನೂ ವ್ಯಾಪಾರಿ, 'ಮುಖ ಒಂದು ಹೆಚ್ಚಿದೆ, ಬೇಡ' ಅಂತ ತಳ್ಳಿದ. ಅವನು ಕೊಂಡಿದ್ರೆ ಒಂದು ತಿಂಗಳು ಆಲೂಗಡ್ಡೆ ತಿಂದಿರ್ತಿದ್ವಿ, ಅಷ್ಟೇ. ನಮ್ಮವರು ವಾಪಸ್ ಬಂದಾಗ ಕಡ್ಡಿ ಥರ ಇದ್ರು. ಬಾಗಿಲಲ್ಲೇ ನಿಂತು ಮೊದಲು ಹುಡುಕಿದ್ದು ನನ್ನ ಬೆರಳನ್ನ."

"ಅತ್ತೆ, ಇದನ್ನ ಯಾಕೆ ಮೊದಲೇ ಹೇಳಲಿಲ್ಲ?"

"ಉಂಗುರ ನಿಂದಾಯ್ತು ಕಣೇ. ನಾನ್ಯಾಕೆ ಅಡ್ಡ ಬರ್ಲಿ?"

ಲುಟ್‌ಗಾರ್ಟ್ ನನ್ನ ಭೂತಗನ್ನಡಿ ಕಸಿದುಕೊಂಡು ಬಹಳ ಹೊತ್ತು ನೋಡಿದಳು. "ಮುಟ್ಟಬೇಡಿ ಯಜಮಾನ್ರೇ. ಹೀಗೇ ಇರ್ಲಿ."

"ನಗೋ ಗೆಳತಿಯರು?" ಎಂದೆ.

"ಪಾಪ, ಅವರಿಗೆಲ್ಲ ಐವತ್ತೆಂಟೇ."

ಹರಳನ್ನು ಉಂಗುರಕ್ಕೆ ಮತ್ತೆ ಕೂರಿಸಿ ಕೊಟ್ಟೆ. ಹಾಕಿಕೊಂಡಳು. "ಕೈ ಎತ್ತು ಮಗಳೇ, ಕಿಟಕಿ ಕಡೆ." ಎತ್ತಿದಳು. ಮೂವತ್ತೈದು ವರ್ಷ! ದೂತನ ಸಾಲು ನಾಲಿಗೆಯ ತುದಿಗೆ ಬಂತು. ಅದನ್ನು ನಾಟಕಕ್ಕೇ ಬಿಟ್ಟು, ಬಗ್ಗಿ ನೋಡಿದೆ. ಸುತ್ತಲೂ ಬೆಳಕು ಒಂದೇ ಹದಕ್ಕೆ ಚಿಮ್ಮುತ್ತಿತ್ತು. ನಾನು ತಪ್ಪಿದ ಆ ಮೂಲೆಯಿಂದ ಮಾತ್ರ ಒಂದು ಕಿರಣ ತನ್ನದೇ ದಾರಿ ಹಿಡಿದು ನೇರ ನನ್ನ ಕಣ್ಣಿಗೆ ಬಂತು.