ತಂತಿಯ ಮೇಲೆ ಬಡಿದ ಗೂಟ

ಬಸವನದೊಡ್ಡಿ, ದೇವದುರ್ಗ ತಾಲ್ಲೂಕು
11-3-2025, ಮಂಗಳವಾರ

ಪ್ರೀತಿಯ ಮಗಳು ಪ್ರಿಯದರ್ಶಿನಿಗೆ ನಿನ್ನ ಅಪ್ಪನ ಆಶೀರ್ವಾದಗಳು.

ಹೇಗಿದ್ದೀಯವ್ವಾ? ಕೆಮ್ಮು ಬಿಟ್ಟಿತೇ? ಮೈಸೂರಿನ ಹಾಸ್ಟೆಲಿನಲ್ಲಿ ಮೂರು ಹೊತ್ತೂ ಅನ್ನವೇ ಎಂದು ಬರೆದಿದ್ದೀಯ. ನಿಮ್ಮವ್ವ ಸಜ್ಜೆ ರೊಟ್ಟಿ ಕಟ್ಟಿಟ್ಟಿದ್ದಾಳೆ, ಆ ಕಡೆ ಬರುವವರು ಸಿಕ್ಕರೆ ಕಳಿಸುತ್ತೇನೆ. ಇಲ್ಲಿ ನಾನು, ನಿಮ್ಮವ್ವ, ಕುರಿಗಳು ಚೆನ್ನಾಗಿದ್ದೇವೆ.

ಇಂಟರ್ನೆಟ್ ಏನಾಯಿತು ಎಂದು ಕೇಳಿದ್ದೀಯ. ಏನೂ ಆಗಲಿಲ್ಲ, ಆಗುವ ಹಾಗೂ ಕಾಣುವುದಿಲ್ಲ. ತಪ್ಪು ನನ್ನದೇ, ಹೇಳಿಬಿಡುತ್ತೇನೆ. ಊರ ಹೊರಗಿನ ನಮ್ಮ ಒಂದೇ ಮನೆಗೆ ಲೈನ್ ಎಳೆಯಿರಿ ಎಂದು ಸಿರವಾರದ ಕೇಬಲ್ಲಿನ ಸತ್ತಾರ್ ಸಾಬ್ ಹತ್ತಿರ ಹನ್ನೊಂದು ತಿಂಗಳು ಅಲೆದೆ. ಮಗಳಿಗೆ ಕಿವಿ ಕೇಳುವುದಿಲ್ಲ, ಅವಳ ಅಜ್ಜಿಗೆ ಓದಲು ಬರುವುದಿಲ್ಲ, ಇಬ್ಬರೂ ತಾವೇ ಕಟ್ಟಿಕೊಂಡ ಕೈಸನ್ನೆಯಲ್ಲಿ ಮಾತನಾಡುತ್ತಾರೆ, ನಮಗೇ ಅದು ಉಣ್ಣು, ಬಾ, ಮಲಗು ಎನ್ನುವಷ್ಟು ಮಾತ್ರ ತಿಳಿಯುತ್ತದೆ ಎಂದ ಮೇಲೆ ಆ ಮನುಷ್ಯ ಕರಗಿದ. ಅಯ್ಯಣ್ಣನ ಹೊಲದ ಬದುವಿನಗುಂಟ ತಂತಿ ಹೂಳಿ, ಕಳೆದ ತಿಂಗಳು ಒಂದು ಶನಿವಾರ ಮಧ್ಯಾಹ್ನ ಮನೆಯ ಡಬ್ಬಿಯಲ್ಲಿ ಹಸಿರು ದೀಪ ಹತ್ತಿಸಿ ಹೋದ. ಅದೇ ಸಂಜೆ, ಗೊಬ್ಬರ ಬೀಳಲೆಂದು ಅಯ್ಯಣ್ಣನ ಹೊಲದಲ್ಲಿ ಕುರಿ ತರುಬಲು ಹೋದೆ. ರಾತ್ರಿ ಕುರಿಗಳ ಸುತ್ತ ಬಲೆ ಕಟ್ಟುವ ಕಬ್ಬಿಣದ ಗೂಟವನ್ನು ಎಂದಿನಂತೆ ಬದುವಿಗೇ ಬಡಿದೆ. ಕೆಳಗೆ ಏನೋ ಅಡ್ಡ ಸಿಕ್ಕಿತು. ಬೇರಿರಬೇಕೆಂದು ಇನ್ನೆರಡು ಏಟು ಬಲವಾಗಿ ಹಾಕಿದೆ. ಮನೆಗೆ ಬಂದರೆ ಡಬ್ಬಿಯಲ್ಲಿ ಕೆಂಪು ದೀಪ.

ಮರುದಿನ ಭಾನುವಾರ, ಹಾಸ್ಟೆಲಿನವರು ನಿನ್ನ ಕೈಗೆ ಫೋನ್ ಕೊಡುವ ಹೊತ್ತಿಗೆ ಸರಿಯಾಗಿ ನಿಮ್ಮಜ್ಜಿ ತಲೆ ಬಾಚಿಸಿಕೊಂಡು, ಇಳಕಲ್ ಸೀರೆ ಉಟ್ಟು ಕೂತಳು. ವಿಡಿಯೋ ಕರೆ ಹಚ್ಚಿದರೆ ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇತ್ತು. ಆ ಚಕ್ರಕ್ಕೇ ಕೈ ಮಾಡಿ ಒಂದು ತಾಸು ಏನೇನೋ ಹೇಳಿದಳು. ನಾನು ನೋಡಲಾರದೆ ಹೊರಗೆ ಹೋದೆ. ದೇವದುರ್ಗದ ಬಸ್ ನಿಲ್ದಾಣದಲ್ಲಿ ಸಿಗ್ನಲ್ ಚೆನ್ನಾಗಿದೆ, ಅಲ್ಲಿ ಮಾತಾಡುವಿಯಂತೆ ಬಾ ಎಂದರೆ, "ಮಂದಿ ಮುಂದ ಕೈ ತಿರುವಾಕ ನಾನೇನು ಹಗಲುವೇಷದಾಕಿ ಏನ್ಲೇ?" ಎಂದು ಬೈದಳು. ಸತ್ತಾರ್ ಸಾಬ್ ಬಂದು ಗೂಟ ಕಿತ್ತು ನೋಡಿ, "ಇಷ್ಟು ದೊಡ್ಡ ಹೊಲದಾಗ ನಿನ್ನ ಗೂಟಕ್ಕ ನನ್ನ ತಂತೀನ ಬೇಕಾಗಿತ್ತೇನಪಾ ಪರಮಣ್ಣ?" ಎಂದ. ತಂತಿ ಬೆಸೆಯುವ ಯಂತ್ರ ರಾಯಚೂರಿನಿಂದ ಬರಬೇಕಂತೆ, ಒಂದು ಮನೆಗಾಗಿ ಆ ಯಂತ್ರದವರು ಬರುವುದಿಲ್ಲವಂತೆ. ಮೂರು ಸಲ ಅವರಲ್ಲಿಗೇ ಹೋಗಿ ಕೈಮುಗಿದೆ. "ನೋಡೂಣು ಹೋಗ್ರಿ" ಅಂದರು. ಈಗ ಕೇಳುವುದನ್ನೂ ಬಿಟ್ಟಿದ್ದೇನೆ.

ನಿನ್ನ ಗೆಳತಿ ಸ್ವಪ್ನಾಳಿಗೂ ನನ್ನ ಆಶೀರ್ವಾದ ತಿಳಿಸು. ಬೀರಪ್ಪ ನಿನ್ನ ಬೆನ್ನಿಗಿರಲಿ.

ಇಂತಿ ನಿನ್ನ ಅಪ್ಪ,
ಪರಮಣ್ಣ

ತಾ.ಕ.: ಮೊದಲೇ ಬರೆಯಬೇಕಿತ್ತು, ಧೈರ್ಯ ಬರಲಿಲ್ಲ. ಶುಕ್ರವಾರ ನಿಮ್ಮಜ್ಜಿಗೆ ಲಕ್ವ ಹೊಡೆಯಿತು. ರಾಯಚೂರಿನಲ್ಲಿ ನೋಡಿ, ಮನೆಗೆ ಕರೆದುಕೊಂಡು ಹೋಗಿ ಅಂದರು. ಬಾಯಿ ಬಿದ್ದುಹೋಗಿದೆ, ಎಡಗೈ ಒಂದು ಆಡುತ್ತದೆ. ಅದನ್ನು ಗದ್ದಕ್ಕೆ ಮುಟ್ಟಿಸಿ, ಎದೆಗೆ ತಂದು, ಎರಡು ಸಲ ಮುಚ್ಚಿ ತೆರೆಯುತ್ತಾಳೆ. ನಿನ್ನೆಯಿಂದ ಅದೊಂದೇ. ನೀರು ಕೊಟ್ಟೆವು, ಕೌದಿ ಹೊದಿಸಿದೆವು. ಅಲ್ಲ ಅಲ್ಲ ಎಂದು ತಲೆ ಅಲ್ಲಾಡಿಸಿ ಅಳುತ್ತಾಳೆ. ಮಾತಿಗಷ್ಟೇ ಸಿಗ್ನಲ್ ಸಿಗುವ ಗುಡ್ಡ ಹತ್ತಿ ನಿಮ್ಮ ವಾರ್ಡನ್ ಮೇಡಂಗೆ ಫೋನ್ ಮಾಡಿದೆ, ಪರೀಕ್ಷೆ ಮುಗಿಯಲಿ, ಆಮೇಲೆ ಹೇಳೋಣ ಅಂದರು. ಈ ಕೈಮಾತನ್ನು ಅವರಿಗೆ ಫೋನಿನಲ್ಲಿ ಹೇಗೆ ಹೇಳಲಿ? ಪತ್ರ ನಿನಗೆ ಮುಟ್ಟುವ ತನಕ ಇರುತ್ತಾಳೋ ಇಲ್ಲವೋ. ಏನು ಕೇಳುತ್ತಿದ್ದಾಳೆ ಮಗಳೇ?