ಬ್ಯಾಗು ಕಾಯುವವಳು ಬಂಡೆ ಹತ್ತಿದ್ದು

ಮನೆಯಿಂದ,
ನವೆಂಬರ್ 16, ಭಾನುವಾರ ಮಧ್ಯಾಹ್ನ

ನನ್ನವರಿಗೆ ನಮಸ್ಕಾರ,

ಹೇಗಿದ್ದೀರಿ? ಕ್ರೇನಿನ ಕ್ಯಾಬಿನ್ನಿನಲ್ಲಿ ದಿನವಿಡೀ ಕೂತು ಸೊಂಟ ಹಿಡಿದುಕೊಂಡಿದೆ ಎಂದು ಬರೆದಿದ್ದಿರಿ, ಈಗ ಪರವಾಗಿಲ್ಲವೇ? ನಾನು ಕಳಿಸಿದ ಎಣ್ಣೆಯನ್ನು ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲ ಸೀಸೆಯನ್ನು ಕಿಟಕಿಯಲ್ಲಿಟ್ಟು ನೋಡುತ್ತಿದ್ದೀರೋ? ಅತ್ತೆಯ ಮಂಡಿನೋವು ಹಾಗೇ ಇದೆ, ನಾಲಿಗೆ ಮಾತ್ರ ಗಟ್ಟಿಮುಟ್ಟಾಗಿದೆ. ಮಗಳು ಪರೀಕ್ಷೆಗೆ ಓದುತ್ತೇನೆಂದು ಹೇಳಿ ಪುಸ್ತಕವನ್ನು ಮುಖದ ಮೇಲೆ ಕವುಚಿಕೊಂಡು ಮಲಗಿದ್ದಾಳೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀವು ನಡುನಡುವೆ ನಗುತ್ತೀರಿ. ಈ ವಿಷಯವನ್ನು ಯಾರೂ ಅಡ್ಡ ಬಾಯಿ ಹಾಕದ ಹಾಗೆ ಹೇಳಬೇಕು ಅನ್ನಿಸಿತು, ಅದಕ್ಕೇ ಕಾಗದ ಹಿಡಿದೆ.

ಕಳೆದ ಭಾನುವಾರ ನಾನು ಬಂಡೆ ಹತ್ತಿದೆ. ಬೇಕಿದ್ದರೆ ಇನ್ನೊಮ್ಮೆ ಓದಿ, ಬರೆದದ್ದು ತಪ್ಪಿಲ್ಲ. ಮದುವೆಯಾದ ಹೊಸದರಲ್ಲಿ ಜಯಂಟ್ ವೀಲ್ ತುದಿಯಲ್ಲಿ ನಿಂತಾಗ ಎದುರಿಗೆ ಕೂತಿದ್ದ ಅಪರಿಚಿತ ಹೆಂಗಸಿನ ಜಡೆ ಹಿಡಿದು ಕಿರುಚಿದವಳು, ನೀವು ಕ್ಯಾಬಿನ್ನಿನಿಂದ ತೆಗೆದು ಕಳಿಸಿದ ಫೋಟೋ ನೋಡಿಯೇ ತಲೆ ತಿರುಗಿ ಅದನ್ನು ಸೀರೆಗಳ ಕೆಳಗೆ ಬೋರಲು ಮಲಗಿಸಿದವಳು, ಅದೇ ನಾನು. ನಮ್ಮ ಆಸ್ಪತ್ರೆಯಲ್ಲಿ ಪೆಟ್ಟು ಬಿದ್ದವರಿಗೆ ವ್ಯಾಯಾಮ ಮಾಡಿಸುವ ಮೇಡಂ ಸಿಬ್ಬಂದಿಯನ್ನೆಲ್ಲ ಸೇರಿಸಿ ಒಂದು ದಿನ ಬಂಡೆ ಹತ್ತಲು ಕರೆದೊಯ್ಯುತ್ತೇನೆ ಎಂದಿದ್ದರು. ಬಟ್ಟೆ ವಿಭಾಗದಲ್ಲಿ ನನ್ನ ಹೊಲಿಗೆ ಯಂತ್ರದ ಪಕ್ಕದಲ್ಲಿರುವ ನಮ್ಮ ಇಸ್ತ್ರಿ ಅಕ್ಕ ನನ್ನನ್ನು ಒಂದು ಮಾತೂ ಕೇಳದೆ ಪಟ್ಟಿಯಲ್ಲಿ ನನ್ನ ಹೆಸರು ಬರೆಸಿಬಿಟ್ಟಿದ್ದರು. ನನಗೆ ಎತ್ತರ ಆಗಲ್ಲ ಅಂದೆ. ಕೆಳಗೆ ಕೂತು ಬ್ಯಾಗು ಕಾಯಮ್ಮ, ಗಾಳಿಯಾದರೂ ಸಿಗುತ್ತೆ ಅಂದರು. ಆ ಕೆಲಸದಲ್ಲಿ ನನ್ನಷ್ಟು ಅನುಭವ ಯಾರಿಗಿದೆ? ಸರಿ ಎಂದು ಹೊರಟೆ.

ಊರಿನಿಂದ ಎರಡು ಗಂಟೆ ದಾರಿ. ಬೋಳು ತಲೆಯಂಥ ದೊಡ್ಡ ಕಲ್ಲು, ಅದರ ಎದೆಗೆ ನೇರವಾಗಿ ಬಡಿದ ಕಬ್ಬಿಣದ ಏಣಿ, ಅರವತ್ತು ಮೆಟ್ಟಿಲು. ಅಲ್ಲಿ ಹಗ್ಗ ಕಟ್ಟಿ ಹತ್ತಿಸುವ ಒಬ್ಬ ವಯಸ್ಸಾದವರಿದ್ದರು, ಎಲ್ಲರೂ ಅವರನ್ನು ಹಗ್ಗದ ಮೇಷ್ಟ್ರು ಅನ್ನುತ್ತಿದ್ದರು. ನಮ್ಮವರೆಲ್ಲ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಒಬ್ಬೊಬ್ಬರಾಗಿ ಹತ್ತತೊಡಗಿದರು. ರಕ್ತ ಪರೀಕ್ಷೆಯ ಕೋಣೆಯ ಹುಡುಗಿಯಂತೂ ಅಳಿಲಿನ ಹಾಗೆ ಓಡಿದಳು. ನಾನು ಒಂಬತ್ತು ಬ್ಯಾಗುಗಳ ನಡುವೆ ಕೂತು ಮೇಲೆ ನೋಡುತ್ತಿದ್ದೆ. ಅವರು ಅಲ್ಲಿಂದ ಕೈಬೀಸಿದರು, ನಾನೂ ಬೀಸಿದೆ. ಬೀಸುತ್ತಿದ್ದ ಕೈ ಹಾಗೇ ನಿಂತಿತು. ನಮ್ಮ ಮನೆಯ ಆಲ್ಬಮ್ ನೆನಪಾಯಿತು. ಗುಡ್ಡದ ಮೇಲೆ ನೀವು ಮತ್ತು ಮಗಳು, ದೀಪಸ್ತಂಭದ ಮೇಲೆ ನೀವು ಮತ್ತು ಮಗಳು, ಜಲಪಾತದ ಕಟ್ಟೆಯ ಮೇಲೆ ನೀವು ಮತ್ತು ಮಗಳು. ಇಪ್ಪತ್ತೆರಡು ವರ್ಷಗಳಲ್ಲಿ ಎತ್ತರದ ಒಂದು ಫೋಟೋದಲ್ಲೂ ನಾನಿಲ್ಲ, ಎಲ್ಲದರಲ್ಲೂ ನಾನು ಕೆಳಗೆಲ್ಲೋ ಬ್ಯಾಗು ಕಾಯುತ್ತಿದ್ದೇನೆ. ಅಷ್ಟರಲ್ಲಿ ವ್ಯಾನಿನ ಡ್ರೈವರು ಬಂದು, ಇವನ್ನೆಲ್ಲ ಒಳಗಿಟ್ಟು ಬೀಗ ಹಾಕಲೇನಮ್ಮ ಎಂದು ಕೇಳಿದರು. ನಗುವೂ ಬಂತು, ಹೊಟ್ಟೆಯೂ ಉರಿಯಿತು. ಇಷ್ಟು ವರ್ಷ ಬೀಗ ಹಾಕಿದ್ದರೆ ಆಗುತ್ತಿದ್ದ ಕೆಲಸವನ್ನು ನಾನು ಕಣ್ಣಿಟ್ಟು ಮಾಡಿದ್ದೆ.

ಎದ್ದು ಹೋಗಿ ಪಟ್ಟಿ ಕಟ್ಟಿಸಿಕೊಂಡೆ. ಕೊನೆಯವರಾಗಿ ಕೆಳಗೆ ಉಳಿದಿದ್ದ ಇಸ್ತ್ರಿ ಅಕ್ಕ ನನ್ನ ಸೆರಗನ್ನು ಬಿಗಿಯಾಗಿ ಸಿಕ್ಕಿಸಿದರು. ಹತ್ತು ಮೆಟ್ಟಿಲು ಹೇಗೋ ಆಯಿತು. ಹನ್ನೊಂದನೆಯದರಲ್ಲಿ ಕೆಳಗೆ ನೋಡಿಬಿಟ್ಟೆ. ಕೈ ಕಬ್ಬಿಣಕ್ಕೆ ಅಂಟಿಕೊಂಡಿತು, ಮೊಣಕಾಲು ನನ್ನ ಹೊಲಿಗೆ ಯಂತ್ರದ ಸೂಜಿಯ ಹಾಗೆ ಕುಟ್ಟತೊಡಗಿತು. ಹಗ್ಗದ ಮೇಷ್ಟ್ರು ಕೆಳಗಿನಿಂದ ನಿಧಾನವಾಗಿ, "ಇಳೀತೀರೋ, ಅಲ್ಲೇ ನಿಲ್ತೀರೋ ತಾಯಿ? ಎರಡೂ ತಪ್ಪಲ್ಲ" ಎಂದರು. ಇಳಿದೆ. ಮರೆಮಾಚುವುದೇಕೆ, ಕಲ್ಲಿಗೆ ಮುಖ ಮಾಡಿ ಅತ್ತುಬಿಟ್ಟೆ. ಇಸ್ತ್ರಿ ಅಕ್ಕ ಒಂದು ಬಾಳೆಹಣ್ಣು ಸುಲಿದು ಕೈಗಿಟ್ಟರು. ಹತ್ತು ನಿಮಿಷ ಯಾರೂ ಅವಸರ ಮಾಡಲಿಲ್ಲ. ಆಮೇಲೆ ನಾನಾಗಿಯೇ ಎದ್ದೆ. ಎರಡನೇ ಸಲ ನಾನು ಬಂಡೆಯನ್ನು ನೋಡಲೇ ಇಲ್ಲ. ಕಣ್ಣ ಮುಂದಿನ ಒಂದು ಮೆಟ್ಟಿಲು, ಅದರ ತುಕ್ಕು, ಅದಕ್ಕೆ ನನ್ನ ಕೈ, ಅಷ್ಟೇ. ಉದ್ದನೆಯ ಹೊದಿಕೆಯ ಅಂಚು ಹೊಲಿಯುವಾಗ ಇನ್ನೂ ಎಷ್ಟು ಗಜ ಇದೆ ಅಂತ ನೋಡುತ್ತಾ ಕೂತರೆ ಕೆಲಸ ಮುಗಿಯುತ್ತದೆಯೇ? ಭಯ ಹೋಯಿತು ಅಂದುಕೊಳ್ಳಬೇಡಿ. ಅದೂ ನನ್ನ ಜೊತೆಗೇ ಅರವತ್ತು ಮೆಟ್ಟಿಲು ಹತ್ತಿತು. ಆದರೆ ಮೇಲೆ ಕಾಲಿಟ್ಟಾಗ ಅದಕ್ಕೂ ಸುಸ್ತಾಗಿತ್ತೇನೋ, ಸುಮ್ಮನಿತ್ತು. ಗಾಳಿ ಹೇಗಿತ್ತು ಅಂತೀರಿ! ನಮ್ಮ ವ್ಯಾನು ಬೆರಳಿಗೆ ಹಾಕುವ ಅಂಗುಸ್ತಾನದಷ್ಟು ಕಾಣುತ್ತಿತ್ತು. ನೀವು ದಿನಾ ನೋಡುವುದು ಇದನ್ನೇ ಅಲ್ಲವೇ ಅಂದುಕೊಂಡೆ. ಬಂದು ಹೇಳುತ್ತಿದ್ದಿರಿ, ನಾನು ಕಿವಿ ಮುಚ್ಚಿಕೊಳ್ಳುತ್ತಿದ್ದೆ.

ನಿಜವಾದ ಕಥೆ ಇಳಿಯುವಾಗಿನದು. ಅಳಿಲಿನ ಹಾಗೆ ಹತ್ತಿದ ಹುಡುಗಿ ಇಳಿಯಲು ಬೆನ್ನು ತಿರುಗಿಸಿ ಒಂದು ಕಾಲು ಕೆಳಗಿಟ್ಟವಳೇ ಕಲ್ಲಾದಳು. ಹೆದರಬೇಡ, ಏನೂ ಆಗಲ್ಲ ಎಂದು ಮೇಲಿದ್ದವರೆಲ್ಲ ಒಟ್ಟಿಗೆ ಹೇಳತೊಡಗಿದರು. ಹೆದರಿದವರ ಕಿವಿಗೆ ಆ ಮಾತು ಹೋಗುವುದಿಲ್ಲ ಎಂದು ಅಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ. ಕೆಳಗಿದ್ದ ಮೇಷ್ಟ್ರನ್ನು ಕೂಗಿ ಕೇಳಿ, ಮೇಲಿದ್ದ ಮೇಡಂ ಕೈಯಲ್ಲಿ ಇನ್ನೊಂದು ಹಗ್ಗ ಕಟ್ಟಿಸಿಕೊಂಡು, ಅವಳ ಪಕ್ಕದಿಂದ ದಾಟಿ ಅವಳಿಗಿಂತ ಎರಡು ಮೆಟ್ಟಿಲು ಕೆಳಗೆ ಹೋಗಿ ನಿಂತೆ. "ಕಾಲು ನಡುಗುತ್ತೆ, ನಡುಗಲಿ ಬಿಡು" ಅಂದೆ. "ನಡುಗೋ ಕಾಲೂ ಮೆಟ್ಟಿಲ ಮೇಲೆ ನಿಲ್ಲುತ್ತೆ. ನಾನೀಗ ನೋಡಿ ಬಂದಿದ್ದೀನಿ." ಅವಳ ಹಿಮ್ಮಡಿ ಹಿಡಿದು ಒಂದೊಂದೇ ಮೆಟ್ಟಿಲಿಗೆ ಇಡಿಸಿದೆ. ಅರ್ಧ ದಾರಿಯಲ್ಲಿ ಅವಳು, ಆಂಟೀ, ನಿಮಗೆ ಭಯ ಆಗ್ತಿಲ್ವಾ ಎಂದು ಕೇಳಿದಳು. ಬಹಳ ಆಗ್ತಿದೆ ಅಂದೆ. ಅದನ್ನು ಕೇಳಿ ಅವಳಿಗೆ ಎಷ್ಟು ಸಮಾಧಾನವಾಯಿತೋ, ನಕ್ಕಳು. ಕೆಳಗೆ ಮುಟ್ಟಿದ ಮೇಲೆ ಹಗ್ಗದ ಮೇಷ್ಟ್ರು ನನ್ನ ಕೈ ಕುಲುಕಿ, ಮೂವತ್ತು ವರ್ಷದಲ್ಲಿ ಮೊದಲ ದಿನವೇ ಇನ್ನೊಬ್ಬರನ್ನು ಇಳಿಸಿದವರನ್ನು ನೋಡಿರಲಿಲ್ಲ ಎಂದರು. ಜಂಬ ಅಂತೀರಾ? ಜಂಬವೇ. ಒಂದು ವಾರವಾಯಿತು, ಇನ್ನೂ ಇಳಿದಿಲ್ಲ.

ಅತ್ತೆ ಮೊದಲು ಬೈದರು, ಕೈಕಾಲು ಮುರಿದಿದ್ದರೆ ನನ್ನ ಮಗನಿಗೆ ಏನು ಹೇಳಲಿ ಎಂದು. ಈಗ ಬೀದಿಯವರಿಗೆಲ್ಲ ಅವರೇ ಹೇಳುತ್ತಿದ್ದಾರೆ. ಹೇಳಿದ ಸಲಕ್ಕೊಮ್ಮೆ ಬಂಡೆ ಹತ್ತಡಿ ಬೆಳೆಯುತ್ತಿದೆ. ಮಗಳು ಮಾತ್ರ ಓಡಿ ಬಂದು ತಬ್ಬಿಕೊಂಡಳು.

ಅತ್ತೆಯ ಆಶೀರ್ವಾದ, ಮಗಳ ಮುತ್ತು ಎರಡನ್ನೂ ಇದರೊಳಗೆ ಮಡಿಸಿಟ್ಟಿದ್ದೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ, ಸೊಂಟ ನೋಡಿಕೊಳ್ಳಿ.

ಇಂತಿ,
ನಿಮ್ಮವಳು

ಮರೆತ ಮಾತು: ಕಾಗದವನ್ನು ಅಂಚೆ ಡಬ್ಬಿಗೆ ಹಾಕಲು ಮಗಳು ಎದ್ದು ಹೊರಟು ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಎರಡು ಸಲ ನನ್ನನ್ನು ಬಿಟ್ಟು ಬೇರೆಯವರನ್ನು ಬಟ್ಟೆ ವಿಭಾಗದ ಮೇಲ್ವಿಚಾರಕಿ ಮಾಡಿದರೆಂದು ನೀವು ನಮ್ಮ ಮ್ಯಾನೇಜರನ್ನು ಬೈಯುತ್ತಲೇ ಇದ್ದೀರಲ್ಲ, ಅವರದೇನೂ ತಪ್ಪಿಲ್ಲ. ಎರಡು ಸಲವೂ ಮೊದಲು ನನ್ನನ್ನೇ ಕರೆದು ಕೇಳಿದ್ದರು. ಆ ಕೆಲಸದ ಕೋಣೆ ಏಳನೇ ಮಹಡಿಯ ತಾರಸಿಯ ಮೇಲಿದೆ, ಅದಕ್ಕೇ ನಾನೇ ಬೇಡವೆಂದೆ. ನಾಚಿಕೆಯಾಗಿ ನಿಮಗೆ ಸುಳ್ಳು ಹೇಳಿದೆ. ಈಗ ಆ ಜಾಗ ಮತ್ತೆ ಖಾಲಿಯಾಗಿದೆ. ಸೋಮವಾರ ಕರೆಯುವ ಮೊದಲೇ ಹೋಗಿ, ನನಗೆ ಕೊಡಿ ಎಂದು ಕೇಳಿದೆ. ಕೊಟ್ಟರು. ಒಂದನೇ ತಾರೀಖಿನಿಂದ ಸೇರುತ್ತೇನೆ. ನಿನ್ನೆ ಹೋಗಿ ಕೋಣೆ ನೋಡಿದೆ. ಮೇಜು ಗೋಡೆಗೆ ಮುಖ ಮಾಡಿತ್ತು, ಎಳೆದು ಕಿಟಕಿಯ ಹತ್ತಿರ ಹಾಕಿ ಬಂದೆ.